ಸೀಟಿನ ದಾರ

ನನ್ನ ಎಡಗೈಯ ಎರಡು ಬೆರಳನ್ನು ತಿಂದದ್ದು ಡ್ರಿಲ್ ಮಷೀನಲ್ಲ, ಗ್ಲೌಸು. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಯಾಕೆಂದರೆ ಈ ಮಾತು ಹೇಳಬೇಡ ಎಂದು ನನಗೆ ಹಣ್ಣಿನ ಚೀಲ ತಂದುಕೊಟ್ಟವರಿದ್ದಾರೆ, ಬೆನ್ನು ಸವರಿದವರಿದ್ದಾರೆ, ಹೆಂಡತಿ ಮಕ್ಕಳ ಮುಖ ನೋಡು ಎಂದವರಿದ್ದಾರೆ. ಕೈ ಕಾಯುವ ಗ್ಲೌಸೇ ಕೈ ತಿನ್ನುತ್ತದೆಯೇ ಎಂದು ನೀವು ಕೇಳಬಹುದು. ಬೇಲಿಯೇ ಎದ್ದು ಹೊಲ ಮೇಯ್ದ ಮಾತು ನೀವೂ ಕೇಳಿರುತ್ತೀರಿ. ನಾನು ಅದನ್ನು ಮೈಮೇಲೆ ಕಂಡವನು.

ನಾನು ಗ್ಯಾರೇಜಿನಲ್ಲಿ ಬ್ರೇಕಿನ ಕೆಲಸದವನು. ಅಲ್ಲಿ ಅಪ್ಪ ಅಮ್ಮ ಇಟ್ಟ ಹೆಸರು ಯಾರಿಗೂ ಉಳಿದಿಲ್ಲ. ನಾನು ಬ್ರೇಕು. ಚಕ್ರ ಬಿಚ್ಚುವವನು ಟೈರು. ಮೂಲೆಯಲ್ಲಿ ಹೊಲಿಗೆ ಮಷೀನ್ ಹಾಕಿಕೊಂಡು ಗಾಡಿಗಳ ಸೀಟಿಗೆ ಕವರ್ ಹೊಲಿಯುವ ಹೆಂಗಸು ಸೀಟಕ್ಕ. ಯಜಮಾನರಿಗೆ ಮಾತ್ರ ಯಜಮಾನರು ಎಂಬ ಉದ್ದನೆಯ ಹೆಸರು. ಅವರೂ ಒಂದು ಕಾಲದಲ್ಲಿ ನನ್ನ ಪಕ್ಕದಲ್ಲೇ ಗಾಡಿಯ ಕೆಳಗೆ ಮಲಗಿ ಗ್ರೀಸು ಮೆತ್ತಿಕೊಂಡವರು. ಇಬ್ಬರಿಗೂ ಕೆಲಸ ಕಲಿಸಿದ ಮೇಸ್ತ್ರಿ ಒಬ್ಬನೇ. ಆಮೇಲೆ ಅವರಿಗೆ ಹೆಣ್ಣು ಕೊಟ್ಟ ಮಾವ ಶೆಡ್ಡನ್ನೂ ಕೊಟ್ಟ. ನನ್ನ ಮಾವ ನನಗೆ ಕೊಟ್ಟದ್ದು ಹೆಣ್ಣು ಮಾತ್ರ, ಮತ್ತೆ ಅವಳ ಬಾಯಿ.

ಬ್ರೇಕಿನ ಕೆಲಸವೆಂದರೆ ಹೀಗೆ. ಚಕ್ರ ಬಿಚ್ಚಿದ ಮೇಲೆ ಒಳಗೆ ಅರ್ಧಚಂದ್ರದ ಹಾಗೆ ಬಾಗಿದ ಕಬ್ಬಿಣದ ಶೂ ಇರುತ್ತದೆ. ಅದರ ಮೈಮೇಲೆ ಉಜ್ಜಿ ಉಜ್ಜಿ ಸವೆದ ಲೈನಿಂಗ್ ಪಟ್ಟಿ ಇರುತ್ತದೆ. ಅದನ್ನು ಮೊಳೆಯಂಥ ರಿವೀಟ್ ಹೊಡೆದು ಕೂರಿಸಿರುತ್ತಾರೆ. ರಿವೀಟುಗಳನ್ನು ಒಂದೊಂದಾಗಿ ಡ್ರಿಲ್ ಹಾಕಿ ತೆಗೆಯಬೇಕು. ಬಲಗೈಯಲ್ಲಿ ಮೇಜಿಗೆ ಬಿಗಿದ ಡ್ರಿಲ್ಲಿನ ಹಿಡಿ ಕೆಳಕ್ಕೆ ಎಳೆಯಬೇಕು, ಎಡಗೈಯಲ್ಲಿ ಶೂ ಒತ್ತಿ ಹಿಡಿಯಬೇಕು. ಹಿಡಿಯುವುದಕ್ಕೆ ವೈಸ್ ಅಂತ ಒಂದು ಸಾಧನವಿದೆ. ನಮ್ಮದರ ಹಲ್ಲು ಸವೆದು ಅಜ್ಜನ ಬಾಯಿ ಆಗಿತ್ತು. ಅದಕ್ಕೇ ಕೈ.

ಮೆಕ್ಯಾನಿಕ್ ಆದವನಿಗೆ ಬಲಗೈ ದುಡಿಯುವ ಕೈ, ಎಡಗೈ ನೋಡುವ ಕೈ. ಇಂಜಿನಿನ ಹಿಂದೆ, ಬೆಳಕು ಹೋಗದ ಕಡೆ, ತಲೆ ತೂರದ ಕಡೆ ಎಡಗೈ ಹೋಗುತ್ತದೆ. ನಟ್ಟು ಎಲ್ಲಿದೆ, ಎಣ್ಣೆ ಎಲ್ಲಿ ಸೋರುತ್ತಿದೆ ಎಂದು ಬೆರಳ ತುದಿ ಹೇಳುತ್ತದೆ. ಇದನ್ನು ಯಾಕೆ ಹೇಳುತ್ತಿದ್ದೇನೆ ಎಂದರೆ, ಆಮೇಲೆ ಒಬ್ಬರು ನನ್ನ ಮನೆಯಲ್ಲೇ ಕೂತು "ಎಡಗೈ ತಾನೇ" ಎಂದರು.

ನಮ್ಮ ಶೆಡ್ಡಿನಲ್ಲಿ ಕೈ ಪೂರ್ತಿ ಇದ್ದವರು ಇಬ್ಬರೇ. ಒಬ್ಬರು ಯಜಮಾನರು, ಇನ್ನೊಬ್ಬಳು ಗೋಡೆಯ ಕ್ಯಾಲೆಂಡರಿನ ಹೆಂಗಸು. ಟೈರಿನ ಹೆಬ್ಬೆರಳು ರಿಮ್ಮಿಗೆ ಸಿಕ್ಕಿ ಚಪ್ಪಟೆಯಾಗಿತ್ತು. ಸೀಟಕ್ಕನ ಉಗುರಿನೊಳಗೆ ಮುರಿದ ಸೂಜಿಯ ತುಂಡು ಹಾಗೇ ಉಳಿದಿತ್ತು, ಚಳಿಗೆ ನೋಯುತ್ತದೆ ಎನ್ನುತ್ತಿದ್ದಳು. ಕೈ ಕೊಯ್ದರೆ ಡೀಸೆಲ್ಲಿನಲ್ಲಿ ತೊಳೆದು, ಕರೆಂಟ್ ವೈರಿಗೆ ಸುತ್ತುವ ಟೇಪ್ ಸುತ್ತಿ, ಬಿಟ್ಟ ಸ್ಪ್ಯಾನರನ್ನು ಮತ್ತೆ ಎತ್ತಿಕೊಳ್ಳುವುದು. ಇದನ್ನು ಗಾಯ ಎಂದು ಯಾರೂ ಕರೆಯುತ್ತಿರಲಿಲ್ಲ. ಗಾಯ ಎಂದರೆ ರಜೆ, ರಜೆ ಎಂದರೆ ಕೂಲಿ ಕಟ್.

ಆದರೆ ಡ್ರಿಲ್ಲಿಗೆ ಮಾತ್ರ ನಾವು ಹೆದರುತ್ತಿದ್ದೆವು. ಮೇಸ್ತ್ರಿ ಕಲಿಸಿದ ಹೆದರಿಕೆ ಅದು. "ತಿರುಗೋದಕ್ಕೆ ಬಟ್ಟೆ ತೋರಿಸ್ಬೇಡ" ಅನ್ನುತ್ತಿದ್ದ. ಡ್ರಿಲ್ಲಿನ ಹತ್ತಿರ ಹೋಗುವ ಮೊದಲು ತೋಳು ಮೇಲಕ್ಕೆ ಮಡಚಬೇಕು, ವಾಚು ಬಿಚ್ಚಬೇಕು, ಕೈಗೆ ಬಟ್ಟೆ ಸುತ್ತಿದ್ದರೆ ತೆಗೆಯಬೇಕು, ಬರಿಗೈಯಲ್ಲಿ ಹೋಗಬೇಕು. ಬರಿಗೈ ತಾಗಿದರೆ ಚರ್ಮ ಹೋಗುತ್ತೆ, ಬಟ್ಟೆ ತಾಗಿದರೆ ಕೈಯೇ ಹೋಗುತ್ತೆ ಎನ್ನುತ್ತಿದ್ದ. ಒಂದು ಸಲ ಯಜಮಾನರು, ಆಗಿನ್ನೂ ಯಜಮಾನರಾಗಿರಲಿಲ್ಲ, ಕೈಯಲ್ಲಿ ಒರೆಸುವ ಬಟ್ಟೆ ಹಿಡಿದೇ ಡ್ರಿಲ್ ಹಾಕಲು ಹೋದಾಗ ಮೇಸ್ತ್ರಿ ಅವರ ಕಪಾಳಕ್ಕೆ ಬಾರಿಸಿದ್ದ. ಬೆರಳಿನ ಗುರುತು ಸಂಜೆಯವರೆಗೂ ಇತ್ತು.

ಆ ಡ್ರಿಲ್ಲಿಗೆ ಇನ್ನೊಂದು ರೋಗವಿತ್ತು. ಮುಂದಿನ ಸ್ವಿಚ್ಚು ಎಂದೋ ಸುಟ್ಟುಹೋಗಿ, ಹಿಂದಿನ ಗೋಡೆಯ ಸ್ವಿಚ್ಚಿಗೆ ವೈರ್ ಎಳೆದಿದ್ದರು. ಹಾಕುವಾಗ ತೊಂದರೆಯಿಲ್ಲ, ಮಷೀನ್ ಸುಮ್ಮನೆ ನಿಂತಿರುತ್ತದೆ. ಆರಿಸುವಾಗ ತೂತು ಕೊರೆಯುವ ಬಿಟ್ಟು ತಿರುಗುತ್ತಿರುವಾಗಲೇ ಅದರ ಪಕ್ಕದಲ್ಲಿ ಕೈ ತೂರಿಸಿ ಗೋಡೆ ಮುಟ್ಟಬೇಕು. ಸ್ವಿಚ್ಚು ಮುಂದಕ್ಕೆ ಹಾಕಿಸಿ ಎಂದು ನಾವು ಎಷ್ಟು ಸಲ ಕೇಳಿದರೂ ಯಜಮಾನರದು ಒಂದೇ ಉತ್ತರ. "ಕೈ ಸ್ವಲ್ಪ ಉದ್ದ ಮಾಡಿದ್ರೆ ಸಿಗುತ್ತಲ್ಲ."

ಹೀಗಿರುವಾಗ ವ್ಯಾನುಗಳ ದಂಡನ್ನೇ ಇಟ್ಟುಕೊಂಡ ಒಂದು ಕಂಪನಿ ತನ್ನ ಗಾಡಿಗಳನ್ನೆಲ್ಲ ನಮ್ಮಲ್ಲಿ ರಿಪೇರಿಗೆ ಬಿಡುವ ಮಾತಾಯಿತು. ಇಸ್ತ್ರಿ ಅಂಗಿಯ ಇಬ್ಬರು ಬಂದು ಶೆಡ್ ನೋಡಿದರು. ನಮ್ಮ ಕೈಗಳನ್ನು ನೋಡಿ ಮುಖ ಸಿಂಡರಿಸಿದರು. ಸೇಫ್ಟಿ ಎಲ್ಲಿ ಎಂದು ಕೇಳಿದರು. ಮರುದಿನವೇ ಯಜಮಾನರು ಒಂದು ಕಟ್ಟು ಹತ್ತಿಯ ಗ್ಲೌಸು ತಂದು ಮೇಜಿನ ಮೇಲೆ ಎಸೆದರು. ಎಲ್ಲರಿಗೂ ಒಂದೇ ಅಳತೆ. ನನ್ನ ಬೆರಳ ತುದಿಯಲ್ಲಿ ಇನ್ನೊಂದು ಬೆರಳಿಗಾಗುವಷ್ಟು ಬಟ್ಟೆ ನೇತಾಡುತ್ತಿತ್ತು. ಗೇಟಿನೊಳಗೆ ಕಾಲಿಟ್ಟ ಮೇಲೆ ಗ್ಲೌಸು ಬಿಚ್ಚಿದವನಿಗೆ ಅರ್ಧ ದಿನದ ಕೂಲಿ ದಂಡ. ನೋಡಲು ಕ್ಯಾಮರಾ ಬೇರೆ.

ನಾನು ಹೋಗಿ ಹೇಳಿದೆ.

"ಯಜಮಾನ್ರೇ, ಬೇರೆ ಕೆಲಸಕ್ಕೆಲ್ಲ ಹಾಕ್ಕೋತೀವಿ. ಡ್ರಿಲ್ ಹತ್ರ ಬೇಡ. ಮೇಸ್ತ್ರಿ ಹೇಳ್ತಿದ್ದಿದ್ದು ನಿಮಗೂ ಗೊತ್ತಲ್ಲ."

"ಮೇಸ್ತ್ರಿ ಸತ್ತು ಎಷ್ಟು ವರ್ಷ ಆಯ್ತು? ಆ ಕಾಲ ಹೋಯ್ತು. ಕಂಪನಿಯವರು ಫೋಟೋದಲ್ಲಿ ಗ್ಲೌಸ್ ಕೇಳ್ತಾರೆ, ನಿನ್ನ ಮೇಸ್ತ್ರೀನಲ್ಲ."

ಒಂದು ದಿನ ಡ್ರಿಲ್ಲಿನ ಮುಂದೆ ಗ್ಲೌಸು ಬಿಚ್ಚಿದೆ. ಅಭ್ಯಾಸ. ಸಂಜೆ ದಂಡ ಬಿತ್ತು. ಆಮೇಲೆ ಬಿಚ್ಚಲಿಲ್ಲ. ಹೊಟ್ಟೆ ಕಟ್ಟಿಹಾಕಿದವನಿಗೆ ಕೈ ಕಟ್ಟಿಹಾಕುವುದು ಸುಲಭ.

ಹತ್ತಿಯ ಗ್ಲೌಸು ಗ್ಯಾರೇಜಿನ ಕೆಲಸಕ್ಕೆ ಎಷ್ಟು ದಿನ ಬಂದೀತು? ಬೆರಳ ತುದಿಗಳೆಲ್ಲ ಹರಿದವು. ಹೊಸದು ಕೇಳಿದರೆ ಯಜಮಾನರು ಹರಿದದ್ದನ್ನೆಲ್ಲ ಒಂದು ಬಕೆಟ್ಟಿಗೆ ಹಾಕಿಸಿ ಸೀಟಕ್ಕನ ಮುಂದೆ ಇಡಿಸಿದರು.

ಸೀಟಕ್ಕನ ಬಾಯಿಗೆ ಶೆಡ್ಡಿನಲ್ಲಿ ಎದುರಿರಲಿಲ್ಲ. ಗಂಡ ಬಿಟ್ಟುಹೋದವಳು. "ಅವನು ಬಿಟ್ಟಿದ್ದಲ್ಲ ಕಣ್ರೋ, ನನ್ನ ಬಾಯಿಗೆ ಹೆದರಿ ಓಡಿದ್ದು" ಎಂದು ತಾನೇ ನಗುತ್ತಿದ್ದಳು. ಬಕೆಟ್ ನೋಡಿ ಸೊಂಟದ ಮೇಲೆ ಕೈಯಿಟ್ಟಳು.

"ಇದೇನು ಯಜಮಾನ್ರೇ, ಇದಕ್ಕೆಲ್ಲ ಯಾವ ದಾರ ಹಾಕ್ಲಿ? ನನ್ನ ಹತ್ರ ಇರೋದು ಸೀಟಿನ ನೈಲಾನ್ ದಾರ. ಅದರ ಮೇಲೆ ಎಮ್ಮೆ ಕೂತ್ರೂ ಹರಿಯಲ್ಲ. ಹತ್ತಿ ದಾರ ತರಿಸ್ಕೊಡಿ."

"ದಾರಕ್ಕೆ ಬೇರೆ ದುಡ್ಡು ಹಾಕ್ಲಾ? ಇರೋದ್ರಲ್ಲೇ ಹೊಲಿಯಮ್ಮ."

ಈ ಮಾತನ್ನು ನಾನು ನನ್ನ ಕಿವಿಯಲ್ಲಿ ಕೇಳಿದೆ. ಟೈರು ಕೇಳಿದ. ಇಡೀ ಶೆಡ್ ಕೇಳಿತು. ಸೀಟಕ್ಕ ಹೊಲಿದಳು. ಅವಳ ಕೆಲಸದಲ್ಲಿ ಕಳ್ಳಾಟವಿಲ್ಲ. ಒಂದೊಂದು ಬೆರಳಿಗೂ ಎರಡೆರಡು ಸುತ್ತು ಕಪ್ಪು ದಾರ ಹಾಕಿ, ಗಂಟು ಬಿಗಿದು, ಹಲ್ಲಲ್ಲಿ ಕಚ್ಚಿ ಕೊಟ್ಟಳು. "ತಗೊಳ್ಳೋ ಬ್ರೇಕು, ನಿನ್ನ ಹೆಂಡತಿಗಿಂತ ಗಟ್ಟಿಯಾಗಿ ಕೈ ಹಿಡ್ಕೊಳ್ಳುತ್ತೆ ಇದು" ಎಂದಳು. ಎಲ್ಲರೂ ನಕ್ಕೆವು. ನಾನೂ ನಕ್ಕೆ.

ಅದಾದ ವಾರದೊಳಗೇ ಒಂದು ವ್ಯಾನಿನ ಶೂ ಹಿಡಿದು ರಿವೀಟ್ ತೆಗೆಯುತ್ತಿದ್ದೆ. ಡ್ರಿಲ್ ಇಳಿಯುವಾಗ ಲೋಹದ ಸುರುಳಿ ಎದ್ದು ಬಿಟ್ಟಿಗೆ ಸುತ್ತಿಕೊಳ್ಳುತ್ತದೆ. ಆ ಸುರುಳಿಯ ಕೊನೆ ಗ್ಲೌಸಿನ ತುದಿಯಲ್ಲಿ ನೇತಾಡುತ್ತಿದ್ದ ಬಟ್ಟೆಯನ್ನು ಕಚ್ಚಿತು. ಮೊದಲು ನೋವೇ ಆಗಲಿಲ್ಲ. ಯಾರೋ ಕೈಹಿಡಿದು ಬಾ ಎಂದು ಎಳೆದ ಹಾಗಾಯಿತು. ಹಳೇ ಹತ್ತಿಯ ತುದಿಯಾಗಿದ್ದರೆ ಅಷ್ಟೇ ಹರಿದು ಹೋಗುತ್ತಿತ್ತೋ ಏನೋ. ಇದು ಹರಿಯಲಿಲ್ಲ. ಬಟ್ಟೆ ಸುತ್ತಿಕೊಂಡಿತು, ಬಟ್ಟೆಯೊಳಗಿನ ಬೆರಳು ಸುತ್ತಿಕೊಂಡಿತು. ತೋರುಬೆರಳು ಮೊದಲು, ಆಮೇಲೆ ನಡುಬೆರಳು. ಮೂಳೆ ಮುರಿದ ಸದ್ದು ನನ್ನ ಹಲ್ಲಿನಲ್ಲಿ ಕೇಳಿತು. ಸ್ವಿಚ್ಚು ಕಣ್ಣೆದುರಿಗೇ ಇತ್ತು. ಅದನ್ನು ಮುಟ್ಟಬೇಕಾದರೆ ಬಲಗೈಯನ್ನೂ ಅದೇ ಬಾಯಿಯ ಪಕ್ಕದಲ್ಲಿ ತೂರಿಸಬೇಕಿತ್ತು. ನಾನು ಕಿರುಚಿದೆ. ಟೈರು ಶೆಡ್ಡಿನ ಆ ತುದಿಯಿಂದ ಓಡಿಹೋಗಿ ಮೇನ್ ಸ್ವಿಚ್ ಎಳೆದ. ಇಡೀ ಶೆಡ್ ಕತ್ತಲಾಯಿತು. ಡ್ರಿಲ್ ನಿಂತಿತು.

ಆಫೀಸಿನ ಗಾಜಿನ ಬಾಗಿಲು ತೆರೆಯಿತು. ಯಜಮಾನರ ಬಾಯಿಂದ ಬಂದ ಮೊದಲ ಮಾತನ್ನು ನಾನು ಸಾಯುವವರೆಗೂ ಮರೆಯುವುದಿಲ್ಲ.

"ಯಾರೋ ಅದು ಮೇನ್ ಎಳೆದಿದ್ದು?"

ಪೇಂಟಿನ ಕೋಣೆಯಲ್ಲಿ ಯಾರದೋ ದೊಡ್ಡ ಕಾರು ಬಿಸಿಗಾಳಿಯಲ್ಲಿ ಒಣಗುತ್ತಿತ್ತು. ಕರೆಂಟ್ ನಿಂತು ಅದರ ಬಣ್ಣ ಕೆಟ್ಟಿತು. ಆ ಬಣ್ಣದ ದಂಡವನ್ನು ಟೈರಿನ ಕೂಲಿಯಲ್ಲಿ ಮುರಿದುಕೊಂಡರು. ನನ್ನ ಕೈಯಿಂದ ಗ್ಲೌಸನ್ನು ಬಿಡಿಸಲಾಗದೆ, ಡ್ರಿಲ್ಲಿನ ಬಿಟ್ಟನ್ನೇ ಮಷೀನಿನಿಂದ ಕಳಚಿ, ಹಾಗೇ ಬಟ್ಟೆಯಲ್ಲಿ ಸುತ್ತಿ ನನ್ನನ್ನು ಆಸ್ಪತ್ರೆಗೆ ಒಯ್ದರು. ಗಾಡಿಯ ಸೀಟು ರಕ್ತವಾದೀತೆಂದು ಕೆಳಗೆ ಪ್ಲಾಸ್ಟಿಕ್ ಹಾಸಿದ್ದರು. ಅದು ಸೀಟಕ್ಕ ಹೊಲಿದ ಸೀಟು.

ಆಸ್ಪತ್ರೆಯಲ್ಲಿ ನರ್ಸಮ್ಮ ಚಿಮಟದಲ್ಲಿ ಮಾಂಸದೊಳಗಿಂದ ಕಪ್ಪು ದಾರ ಹೆಕ್ಕುತ್ತಾ ಕೇಳಿದರು, "ಇದೇನಪ್ಪ, ಇಲ್ಲಿಗೆ ಬರೋ ಮೊದಲೇ ಯಾರಾದ್ರೂ ಹೊಲಿಗೆ ಹಾಕಿದ್ರಾ?"

"ಹಾಕಿದ್ರು ಸಿಸ್ಟರ್. ಗಾಯ ಆಗೋಕೆ ಮೊದಲೇ ಹಾಕಿದ್ರು" ಎಂದೆ.

ಎರಡು ಬೆರಳು ಬುಡದಿಂದ ಹೋದವು. ಉಂಗುರದ ಬೆರಳು ಉಳಿಯಿತು, ಆದರೆ ಮಡಚುವುದಿಲ್ಲ. ನೋವಿಗಿಂತ ಹೆಚ್ಚಾಗಿ ನನ್ನನ್ನು ಕೊಂದದ್ದು ಸಣ್ಣ ಸಣ್ಣ ವಿಷಯಗಳು. ಅಂಗಿಯ ಗುಂಡಿ ಹೆಂಡತಿ ಹಾಕಬೇಕು. ಪ್ಯಾಂಟಿನ ಗುಂಡಿಯೂ ಅವಳೇ. ಮಗಳು ಪೆನ್ಸಿಲ್ ಚೂಪು ಮಾಡಿಕೊಡು ಎಂದು ಬಂದು, ನನ್ನ ಕೈ ನೋಡಿ, ತಾನೇ ಮಾಡಿಕೊಳ್ಳುತ್ತೇನೆ ಎಂದು ಹಿಂದಕ್ಕೆ ಹೋದಳು. ಗೋಡೆಗೆ ತಲೆ ಚಚ್ಚಿಕೊಳ್ಳಬೇಕೆನಿಸಿತು.

ಆಸ್ಪತ್ರೆಯವರು ಕಾರ್ಮಿಕ ಇಲಾಖೆಗೆ ತಿಳಿಸಿದ್ದರು. ಸಾಹೇಬರೊಬ್ಬರು ವಿಚಾರಣೆಗೆ ಬರುತ್ತಾರೆ ಎಂದು ಗೊತ್ತಾದ ದಿನವೇ ಯಜಮಾನರು ನನ್ನ ಮನೆಗೆ ಬಂದರು. ಇಷ್ಟು ವರ್ಷದಲ್ಲಿ ಮೊದಲ ಸಲ. ನಮ್ಮದು ಒಂದೇ ಕೋಣೆ. ಹೆಂಡತಿ ಬೀದಿಯವರ ಬಟ್ಟೆಗಳಿಗೆ ಇಸ್ತ್ರಿ ಹಾಕುತ್ತಾಳೆ. ಕುರ್ಚಿಯ ಮೇಲಿದ್ದ ಬಟ್ಟೆಯ ರಾಶಿಯನ್ನು ಮಂಚಕ್ಕೆ ಸರಿಸಿ ಅವರನ್ನು ಕೂರಿಸಿದೆ. ಹಣ್ಣಿನ ಚೀಲವನ್ನು ನನ್ನ ಕಾಲ ಬಳಿ ಇಟ್ಟರು.

"ನೋಡು ತಮ್ಮಾ, ಆಗಿದ್ದು ಆಗಿಹೋಯ್ತು. ಕೆಟ್ಟದ್ರಲ್ಲೂ ಒಳ್ಳೇದನ್ನ ನೋಡ್ಬೇಕು. ಎಡಗೈ ತಾನೇ? ಬಲಗೈ ದೇವರು ಉಳಿಸಿದ್ದಾನೆ."

ಹಿಂದೆ ಇಸ್ತ್ರಿ ಪೆಟ್ಟಿಗೆ ಮೇಜಿನ ಮೇಲೆ ಧಡ್ ಎಂದು ಕೂತಿತು.

"ನಿನ್ನ ಕೈಬಿಡೋನಲ್ಲ ನಾನು. ಗೇಟ್ ಹತ್ರ ಒಂದು ಕುರ್ಚಿ ಹಾಕಿಸ್ತೀನಿ. ಗಾಡಿ ಒಳಗೆ ಬಿಡೋದು, ಹೊರಗೆ ಕಳಿಸೋದು, ಅಷ್ಟೇ. ನೀನಿರೋವರೆಗೂ ಆ ಕೆಲಸ ನಿಂದೇ. ಸಾಹೇಬ್ರು ಬಂದು ಕೇಳ್ತಾರೆ. ಗ್ಲೌಸ್ ಯಜಮಾನ್ರು ಕೊಟ್ಟಿದ್ರು, ಚೆನ್ನಾಗಿತ್ತು ಅನ್ನು. ಆಯಮ್ಮ ಯಾರನ್ನೂ ಕೇಳದೆ ಸೀಟಿನ ದಾರ ಹಾಕಿ ಹೊಲಿದ್ಲು, ಅದಕ್ಕೇ ಹಿಂಗಾಯ್ತು ಅನ್ನು."

"ಹೊಲಿಯೋಕೆ ಕೊಟ್ಟಿದ್ದು ನೀವೇ ಅಲ್ವಾ ಯಜಮಾನ್ರೇ?"

"ಹೊಲಿ ಅಂದೆ. ಆ ದಾರ ಹಾಕು ಅಂದ್ನಾ?"

"ಸೀಟಕ್ಕನ ಕೆಲಸ?"

"ಅವಳಿಗೇನೋ, ಹೊಲಿಗೆ ಬರುತ್ತೆ, ಎಲ್ಲಾದ್ರೂ ಬದುಕ್ತಾಳೆ. ನಿನ್ನನ್ನ ಯಾರು ತಗೋತಾರೆ? ಯೋಚ್ನೆ ಮಾಡು. ಇಲ್ಲಾ ಅಂದ್ರೆ ಕಾನೂನಿದೆಯಪ್ಪ, ಹೋಗು. ನೀನು ಅಲೆದು ಅಲೆದು ಚಪ್ಪಲಿ ಸವೆಸೋ ಹೊತ್ತಿಗೆ ಆ ಮಗು ದೊಡ್ಡದಾಗಿರುತ್ತೆ."

ಹೋಗುವಾಗ ಮಗಳ ತಲೆ ಸವರಿ ಹೋದರು. ಪೂರ್ತಿ ಐದು ಬೆರಳಿನ ಕೈಯಲ್ಲಿ.

ಪರಿಹಾರ ಎಂಬುದು ನನಗೆ ಬರಬೇಕಾದದ್ದು. ಅದನ್ನು ಹಕ್ಕು ಎಂದು ಕೇಳಿದರೆ ಕಳ್ಳನನ್ನು ನೋಡಿದ ಹಾಗೆ ನೋಡುವವರು, ದಾನ ಎಂದಾದರೆ ತಾವೇ ಹಣ್ಣು ಹಿಡಿದು ಮನೆ ಬಾಗಿಲಿಗೆ ಬರುತ್ತಾರೆ. ದಾನಕ್ಕೆ ಕೈಯೊಡ್ಡಲು ಬೆರಳು ಎಷ್ಟಿದ್ದರೇನು?

ಹೆಂಡತಿ ಇಸ್ತ್ರಿ ನಿಲ್ಲಿಸದೆ ಹೇಳಿದಳು, "ಹೇಳಿಬಿಡ್ರೀ."

"ಏನಂತ?"

"ಅವರು ಹೇಳ್ಕೊಟ್ಟಿದ್ದನ್ನೇ. ನಾಳೆ ಆ ಸೀಟಕ್ಕ ಬಂದು ನಿಮ್ಮ ಅಂಗಿ ಗುಂಡಿ ಹಾಕ್ತಾಳಾ? ಹೊಟ್ಟೆಗೆ ನ್ಯಾಯ ಗೊತ್ತಾಗಲ್ಲ, ಅನ್ಯಾಯಾನೂ ಗೊತ್ತಾಗಲ್ಲ."

ನಾನು ಎದುರು ಹೇಳಲಿಲ್ಲ. ನನಗೇನು ನಾಲಿಗೆಯಿರಲಿಲ್ಲವೇ? ಇತ್ತು. ಆದರೆ ಗೇಟಿನ ಹತ್ತಿರದ ಕುರ್ಚಿಯೂ ಕಣ್ಣೆದುರು ಇತ್ತು. ಬಟ್ಟೆ ಮಡಚುವ ಅವಳ ಕೈಗಳನ್ನು ನೋಡುತ್ತಾ, ಸಾಹೇಬರ ಮುಂದೆ ಹೇಳಬೇಕಾದ ಮಾತನ್ನು ಒಳಗೊಳಗೇ ಹೇಳಿ ನೋಡಿದೆ. ನಾಲಿಗೆ ಸಲೀಸಾಗಿ ಹೊರಳಿತು.

ಮಾರನೇ ದಿನ ಸೀಟಕ್ಕ ಬಂದಳು. ಒಳಗೆ ಬಾ ಎಂದರೂ ಬಾರದೆ ಹೊಸ್ತಿಲಲ್ಲೇ ಕೂತಳು. ಮಂಚ, ಬಟ್ಟೆ ರಾಶಿ, ನನ್ನ ಗಡ್ಡ, ಯಾವುದರ ಮೇಲೂ ಒಂದು ಕುಚೋದ್ಯ ಬರಲಿಲ್ಲ. ಅದಕ್ಕೇ ನನಗೆ ಹೆದರಿಕೆಯಾಯಿತು.

"ಕೈ ತೋರಿಸೋ" ಎಂದಳು.

ತೋರಿಸಿದೆ. ಬ್ಯಾಂಡೇಜಿನ ಮೇಲೆ ತನ್ನ ಕೈಯಿಟ್ಟಳು.

"ನನ್ನ ದಾರ ಕಣೋ. ಎಮ್ಮೆ ಕೂತ್ರೂ ಹರಿಯಲ್ಲ ಅಂತ ನನ್ನ ಬಾಯಲ್ಲೇ ಬಂತಲ್ಲ. ಯಜಮಾನ್ರು ಎಲ್ಲಾರ ಮುಂದೆ ಅಂದ್ರು, ನಿನ್ನ ಹೊಲಿಗೆ ಒಬ್ಬನ ಕೈ ತೆಗೀತು ಅಂತ. ನಿಜಾನೇ. ಈಗ ಮಷೀನ್ ಮುಂದೆ ಕೂತ್ರೆ ಸೂಜಿಗೆ ದಾರ ಹಾಕೋಕಾಗಲ್ಲ. ಸಾಹೇಬ್ರ ಮುಂದೆ ನನ್ನ ಹೆಸರೇ ಹೇಳು. ನಾನೇನೂ ಅನ್ನಲ್ಲ. ನೀನಾದ್ರೂ ಬದುಕ್ಕೋ."

ಅವಳು ಅಳಲಿಲ್ಲ. ಅತ್ತಿದ್ದರೆ ಚೆನ್ನಾಗಿತ್ತು. ನನ್ನ ಕೈಯಿಂದ ಎರಡು ಬೆರಳು ತೆಗೆದರು, ಅವಳಿಂದ ನಾಲಿಗೆಯನ್ನೇ ತೆಗೆದಿದ್ದರು. ಮಾಡಿದವನು ಕಾರಿನಲ್ಲಿ ಓಡಾಡುತ್ತಿದ್ದಾನೆ, ಹೊಲಿದವಳು ಹೊಸ್ತಿಲಲ್ಲಿ ಕೂತು ನನ್ನ ಹೆಸರೇ ಹೇಳು ಎಂದು ಬೇಡುತ್ತಿದ್ದಾಳೆ. ನನ್ನ ಮೈಯೆಲ್ಲ ಉರಿದುಹೋಯಿತು.

ಇಸ್ತ್ರಿಯ ಸದ್ದು ನಿಂತಿತ್ತು. ಹೆಂಡತಿ ಬಂದು ಸೀಟಕ್ಕನ ಎದುರು ಕುಕ್ಕರಗಾಲಲ್ಲಿ ಕೂತಳು.

"ಅಕ್ಕಾ, ಗ್ಲೌಸ್ ಹಾಕ್ಕೊಂಡೇ ಡ್ರಿಲ್ ಹಿಡೀಬೇಕು ಅಂತ ದಂಡ ಹಾಕಿದ್ದು ನೀವಾ?"

"ನಾನ್ಯಾಕೆ ಹಾಕ್ಲಿ?"

"ಆ ಸ್ವಿಚ್ಚನ್ನ ಕೈಗೆ ಸಿಗದ ಜಾಗದಲ್ಲಿ ಇಟ್ಟಿದ್ದು?"

"ಇಲ್ಲ ಕಣೇ."

"ಮತ್ತೆ ನಿಮ್ಮ ಹೆಸರು ಯಾಕೆ ಹೇಳ್ಬೇಕು?" ಎಂದು ಹೆಂಡತಿ ನನ್ನ ಕಡೆ ತಿರುಗಿದಳು. ಹಿಂದಿನ ದಿನ ಹೇಳಿಬಿಡಿ ಎಂದವಳು ಇವಳೇ. "ಏನ್ರೀ ನೋಡ್ತೀರಾ? ಅಕ್ಕನ ಹೆಸರೇನಾದ್ರೂ ಬಾಯಿಗೆ ಬಂತೋ, ಗುಂಡಿ ನೀವೇ ಹಾಕ್ಕೊಳ್ಳಿ. ಬಿಚ್ಕೊಂಡೇ ಓಡಾಡಿ."

ಸೀಟಕ್ಕನ ತುಟಿಯ ಕೊನೆ ಸ್ವಲ್ಪ ಅಲುಗಿತು. ನಗಲಿಲ್ಲ. ಚಹಾ ಕುಡಿದು ಎದ್ದುಹೋದಳು.

ವಿಚಾರಣೆಯ ದಿನ ಶೆಡ್ಡನ್ನು ನಾನೇ ಗುರುತು ಹಿಡಿಯಲಿಲ್ಲ. ನೆಲದ ಎಣ್ಣೆಯ ಮೇಲೆ ಮರದ ಹೊಟ್ಟು ಸುರಿದು ಗುಡಿಸಿದ್ದರು. ಕ್ಯಾಲೆಂಡರಿನ ಹೆಂಗಸಿನ ಜಾಗಕ್ಕೆ ಸುರಕ್ಷತೆಯೇ ಮೊದಲು ಎಂಬ ಬೋರ್ಡು ಬಂದಿತ್ತು. ಎಲ್ಲರ ಕೈಯಲ್ಲೂ ಹೊಚ್ಚ ಹೊಸ ಗ್ಲೌಸು. ಯಜಮಾನರೂ ಹಾಕಿಕೊಂಡಿದ್ದರು, ಹಾಲಿನಷ್ಟು ಬಿಳಿ. ಆ ಕೈಯಲ್ಲೇ ಸಾಹೇಬರಿಗೆ ಕುರ್ಚಿ ಎಳೆದುಕೊಟ್ಟರು. "ಇಲ್ಲಿ ಯಜಮಾನ, ಕೆಲಸದವ್ನು ಅಂತ ಭೇದ ಇಲ್ಲ ಸಾರ್. ನಾನೂ ಹಾಕ್ಕೋತೀನಿ, ಅವರೂ ಹಾಕ್ಕೋತಾರೆ. ಒಂದೇ ಮನೆಯವರ ಹಾಗೆ." ಡ್ರಿಲ್ಲಿಗೆ ಹೊಸ ಬಣ್ಣ ಬಳಿದಿದ್ದರು. ಸ್ವಿಚ್ಚು ಮಾತ್ರ ಅಲ್ಲೇ ಇತ್ತು. ಬಣ್ಣಕ್ಕೆ ಖರ್ಚು ಮಾಡಿದವರು ಅದಕ್ಕೆ ಮಾಡಿರಲಿಲ್ಲ.

ಸೀಟಕ್ಕ ತನ್ನ ಮೂಲೆಯಲ್ಲಿ ತಲೆ ತಗ್ಗಿಸಿ ನಿಂತಿದ್ದಳು. ಸಾಹೇಬರು ಮುಂದಿನ ಮೇಜಿನ ಮೇಲೆ ಕಾಗದ ಹರಡಿ ಜೇಬಿನಿಂದ ಪೆನ್ನು ತೆಗೆದರು.

"ಹೇಳಪ್ಪ, ಹೇಗಾಯ್ತು?"

"ತೋರಿಸಿ ಹೇಳ್ತೀನಿ ಸಾರ್."

ಬಲಗೈಯ ತೋಳು ಮೇಲಕ್ಕೆ ಸರಿಸಿ, ನಿಂತಿದ್ದ ಬಿಟ್ಟಿನ ಪಕ್ಕದಲ್ಲಿ ಕೈ ತೂರಿಸಿ, ಸ್ವಿಚ್ ಹಾಕಿದೆ. ಡ್ರಿಲ್ ಗುಂಯ್ ಎಂದು ತಿರುಗಲು ಹತ್ತಿತು. ಆ ಸದ್ದಿಗೆ ನನ್ನ ಇಲ್ಲದ ಬೆರಳುಗಳು ಉರಿದವು. ಎರಡು ಹೆಜ್ಜೆ ಹಿಂದೆ ಸರಿದು ನಿಂತು, ಸದ್ದಿನ ಮೇಲೆ ಕೇಳುವ ಹಾಗೆ ಜೋರಾಗಿ ಹೇಳಿದೆ.

"ನನ್ನ ಗ್ಲೌಸ್ ಹರಿದಿತ್ತು ಸಾರ್. ಅದಕ್ಕೆ ಸೀಟಿನ ದಾರ ಹಾಕಿ ಹೊಲಿದಿದ್ರು."

ಯಜಮಾನರು ತಲೆಯಾಡಿಸಿದರು. ಮುಖದಲ್ಲಿ ಮಗ ಪಾಠ ಒಪ್ಪಿಸುವಾಗ ಅಪ್ಪನಿಗೆ ಬರುವ ಸಮಾಧಾನ.

"ಆ ದಾರದಿಂದ್ಲೇ ಹಿಂಗಾಯ್ತು, ಹೊಲಿದವಳದೇ ತಪ್ಪು ಅಂತ ಹೇಳು ಅಂದ್ರು ಯಜಮಾನ್ರು. ಮನೆಗೆ ಬಂದು ಹೇಳ್ಕೊಟ್ರು. ನಾನು ಹೇಳಲ್ಲ ಸಾರ್."

ಯಜಮಾನರ ತಲೆ ನಿಂತಿತು.

"ನಾನು ಹೇಳಲ್ಲ. ಹರಿದ ಗ್ಲೌಸಿಗೆ ಹೊಸದು ಕೇಳಿದ್ವಿ, ಕೊಡ್ಲಿಲ್ಲ. ಅಕ್ಕ ಹತ್ತಿ ದಾರ ಕೇಳಿದ್ಲು, ಇರೋದ್ರಲ್ಲೇ ಹೊಲಿ ಅಂದ್ರು. ಡ್ರಿಲ್ ಹತ್ರ ಗ್ಲೌಸೇ ಬೇಡ ಅಂದೆ, ದಂಡ ಹಾಕಿದ್ರು. ದಾರ ಯಾವುದಾದ್ರೇನು ಸಾರ್, ತಿರುಗೋದಕ್ಕೆ ಬಟ್ಟೆ ತೋರಿಸಿದ್ರೆ ಅದು ಕೈ ಎಳೆಯುತ್ತೆ. ಇದು ಯಜಮಾನ್ರಿಗೆ ಗೊತ್ತು. ನಮ್ಮಿಬ್ಬರಿಗೂ ಕೆಲಸ ಕಲಿಸಿದೋನು ಒಬ್ಬನೇ."

"ಸುಳ್ಳು ಸಾರ್, ಇವನ ತಲೆ ಸರಿಯಿಲ್ಲ. ಬಿದ್ದಿರೋ ಪೆಟ್ಟಿಗೆ ಏನೇನೋ ಮಾತಾಡ್ತಾನೆ" ಎಂದರು ಯಜಮಾನರು.

ಸಾಹೇಬರು ಕಿವಿ ಮುಚ್ಚಿಕೊಂಡರು. "ಏನೂ ಕೇಳಿಸ್ತಿಲ್ಲ. ಮೊದಲು ಅದನ್ನ ನಿಲ್ಲಿಸಿ."

"ನಿಲ್ಲಿಸೋ" ಎಂದು ಯಜಮಾನರು ನನಗೆ ಹೇಳಿದರು.

"ಅಲ್ಲಿಗೆ ನನ್ನ ಕೈ ಇನ್ನು ಹೋಗಲ್ಲ ಯಜಮಾನ್ರೇ. ಒಂದೇ ಉಳಿದಿರೋದು."

"ಲೇ ಟೈರು, ಮೇನ್ ಎಳೆಯೋ!"

ಟೈರು ಮೇನ್ ಬೋರ್ಡಿಗೆ ಬೆನ್ನು ಕೊಟ್ಟು, ಕೈ ಕಟ್ಟಿ ನಿಂತಿದ್ದ. ಅಲ್ಲಿಂದ ಕದಲಲಿಲ್ಲ. "ಬೇಡ ಯಜಮಾನ್ರೇ. ಹೋದ್ಸಲ ಎಳೆದಿದ್ದಕ್ಕೆ ಮುರ್ಕೊಂಡಿದ್ದು ಇನ್ನೂ ತೀರಿಲ್ಲ. ಪೇಂಟ್ ಕೋಣೇಲಿ ಇವತ್ತೂ ಗಾಡಿ ಇದೆ."

ಯಜಮಾನರು ಒಬ್ಬೊಬ್ಬರ ಮುಖ ನೋಡಿದರು. ಪೇಂಟಿನವನು ನೆಲ ನೋಡಿದ. ವೆಲ್ಡಿಂಗಿನವನು ಹೊಸ ಗ್ಲೌಸಿನ ಎರಡೂ ಕೈಯನ್ನು ಬೆನ್ನ ಹಿಂದೆ ಇಟ್ಟುಕೊಂಡ. ಯಾರೂ ಮಾತಾಡಿಕೊಂಡಿರಲಿಲ್ಲ. ಕಣ್ಸನ್ನೆಯೂ ಇರಲಿಲ್ಲ. ಇಷ್ಟು ದಿನ ಕೂಗಿದ ಕಡೆಗೆ ಓಡಿದ ಕಾಲುಗಳು ಅವತ್ತು ಓಡಲಿಲ್ಲ, ಅಷ್ಟೇ. ಡ್ರಿಲ್ ತಿರುಗುತ್ತಲೇ ಇತ್ತು.

"ಅನ್ನ ಹಾಕಿದ ಮನೆಗೆ ಕನ್ನ ಹಾಕೋ ಜನ" ಎಂದು ಬೈಯುತ್ತಾ ಯಜಮಾನರೇ ಹೊರಟರು. ದಾಪುಗಾಲು ಹಾಕಿ ಡ್ರಿಲ್ಲಿನ ಮುಂದೆ ಹೋದರು. ಬಲಗೈ ಎತ್ತಿದರು. ಎತ್ತಿದ ಕೈ ಅಲ್ಲೇ ನಿಂತಿತು. ತಿರುಗುವ ಬಿಟ್ಟನ್ನು ಒಮ್ಮೆ ನೋಡಿದರು.

ಆಮೇಲೆ ಬಲಗೈಯ ಗ್ಲೌಸನ್ನು ಎಡಗೈಯಿಂದ ಎಳೆದು ಬಿಚ್ಚಿದರು. ಅದನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡು ಅಂಗಿಯ ತೋಳನ್ನು ಮೊಣಕೈವರೆಗೂ ಸರಿಸಿದರು. ಬೆರಳಲ್ಲಿದ್ದ ಉಂಗುರ ತೆಗೆದು ಜೇಬಿಗೆ ಹಾಕಿದರು. ಮೇಸ್ತ್ರಿ ಕಲಿಸಿದ ಹಾಗೆಯೇ, ಒಂದನ್ನೂ ಬಿಡದೆ. ಬರಿಗೈಯನ್ನು ಮೆಲ್ಲಗೆ ಒಳಗೆ ತೂರಿಸಿ ಸ್ವಿಚ್ ಆರಿಸಿದರು.

ಡ್ರಿಲ್ ನಿಂತಿತು. ತಾವು ಏನು ಮಾಡಿದೆವೆಂದು ಯಜಮಾನರಿಗೆ ಇನ್ನೂ ಗೊತ್ತಾಗಿರಲಿಲ್ಲ. ಕಂಕುಳಿನ ಗ್ಲೌಸು ತೆಗೆದು ಮತ್ತೆ ಹಾಕಿಕೊಳ್ಳಲು ಹೊರಟಿದ್ದರು. ಆಗ ಮೂಲೆಯಿಂದ ದನಿ ಬಂತು. ಎಷ್ಟೋ ದಿನಗಳಿಂದ ಶೆಡ್ಡಿನಲ್ಲಿ ಕೇಳದಿದ್ದ ದನಿ.

"ಯಾಕೆ ಯಜಮಾನ್ರೇ, ಗ್ಲೌಸ್ ಬಿಚ್ಚಿಬಿಟ್ರಿ? ಅದು ಹೊಸದು. ನಾನು ಹೊಲಿದಿದ್ದಲ್ಲ."

ಯಜಮಾನರ ಕೈ ಅರ್ಧ ಗ್ಲೌಸಿನಲ್ಲೇ ನಿಂತಿತು. ಸಾಹೇಬರು ಆ ಕೈ ನೋಡಿದರು, ಡ್ರಿಲ್ ನೋಡಿದರು, ಮತ್ತೆ ಆ ಕೈ ನೋಡಿದರು. ಪೆನ್ನಿನ ಕ್ಯಾಪ್ ಇನ್ನೂ ತೆಗೆದಿರಲಿಲ್ಲ. ಅವರು ಎದ್ದು ಹೋಗಬಹುದಿತ್ತು. ಅಂಥವರು ಎದ್ದು ಹೋದದ್ದನ್ನು ನಾವು ಬೇಕಾದಷ್ಟು ನೋಡಿದ್ದೇವೆ. ಟೈರು ಮೇನ್ ಬೋರ್ಡು ಬಿಟ್ಟು ಬಂದು ಬಾಗಿಲಿನ ಹತ್ತಿರ ನಿಂತ. ಅವನ ಪಕ್ಕದಲ್ಲಿ ಪೇಂಟಿನವನು, ಅವನ ಪಕ್ಕದಲ್ಲಿ ಸೀಟಕ್ಕ.

ನಾನು ಎಡಗೈಯನ್ನು ಸಾಹೇಬರ ಮೇಜಿನ ಮೇಲೆ, ಅವರ ಕಾಗದದ ಪಕ್ಕದಲ್ಲಿ ಇಟ್ಟೆ.

"ಈಗ ನೋಡಿದ್ರಲ್ಲ, ಅದನ್ನ ಬರ್ಕೊಳ್ಳಿ ಸಾರ್."